ಕೆಂಪು ದೀಪ ದಾಟಿದಿರಿ ಅಂತ ನೋಟಿಸು ಬಂದರೆ

(ಕಲಿಕಾ ಕೇಂದ್ರದ ಸಂಜೆಯ ಸಭೆಯಲ್ಲಿ ಆಡಿದ ಮಾತು)



ಸ್ವಲ್ಪ ಮುಂದೆ ಬಂದು ಕೂತುಕೊಳ್ಳಿ. ಬಾಗಿಲ ಹತ್ತಿರ ಕೂತವರಿಗೆ ಸರಿಯಾಗಿ ಕೇಳಿಸುವುದಿಲ್ಲ.

ಇವತ್ತು ಗಾಡಿಯ ವಿಷಯ ಮಾತಾಡೋಣ. ನಗಬೇಡಿ. ಹೊರಗೆ ಬೇವಿನ ಮರದ ಕೆಳಗೆ ನೋಡಿ. ನಾಲ್ಕು ಮೊಪೆಡ್, ಎರಡು ಸ್ಕೂಟರ್, ಒಂದು ಆಟೋ ನಿಂತಿವೆ. ಎಲ್ಲವೂ ಇಲ್ಲಿ ಕೂತವರದೇ. ಹೂ ಮಾರುವವರು ಇದ್ದೀರಿ. ಡೇರಿಗೆ ಹಾಲು ಹಾಕುವವರು ಇದ್ದೀರಿ. ಹೊಲಿದ ರವಿಕೆ ಕೊಡಲು ಪೇಟೆಗೆ ಹೋಗುವವರು ಇದ್ದೀರಿ. ಪೇಟೆಗೆ ಹೋದರೆ ಸಿಗ್ನಲ್ ಬರುತ್ತದೆ. ಸಿಗ್ನಲ್ ಇದ್ದಲ್ಲಿ ಪೊಲೀಸರು ಇರುತ್ತಾರೆ. ಪೊಲೀಸರು ಇಲ್ಲದಿದ್ದರೆ ಕ್ಯಾಮೆರಾ ಇರುತ್ತದೆ. ಒಂದು ದಿನ "ನೀವು ಕೆಂಪು ದೀಪ ದಾಟಿದ್ದೀರಿ, ದಂಡ ಕಟ್ಟಿ" ಅಂತ ಯಾರಾದರೂ ಹೇಳುತ್ತಾರೆ. ಆಗ ಏನು ಮಾಡಬೇಕು?

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ನಾವೂ ಒಮ್ಮೆ ಕೆಂಪು ದೀಪ ದಾಟಿದ್ದೇವೆ. ಜಿಲ್ಲಾ ಕೇಂದ್ರದಲ್ಲಿ ಶಿಕ್ಷಕರ ತರಬೇತಿ ಇತ್ತು. ಹೊತ್ತಾಗಿತ್ತು. ನಮ್ಮ ಸ್ಕೂಟರಿನ ಮುಂದೆ ಒಂದು ಬಸ್ಸು ನಿಂತಿತ್ತು. ಬಸ್ಸು ಹೊರಟಿತು, ನಾವೂ ಅದರ ಬೆನ್ನಿಗೇ ಹೊರಟೆವು. ಬಸ್ಸಿನ ಬೆನ್ನು ನೋಡಿದೆವು, ದೀಪ ನೋಡಲೇ ಇಲ್ಲ. ಬಸ್ಸು ದಾಟುವಾಗ ಹಳದಿ ಇತ್ತಂತೆ. ನಾವು ದಾಟುವಾಗ ಕೆಂಪು. ಮುಂದೆ ಪೊಲೀಸರು ಕೈ ಅಡ್ಡ ಹಾಕಿದರು. ನಮ್ಮ ಬಾಯಲ್ಲಿ ಮೊದಲು ಬಂದ ಮಾತು ಏನು ಗೊತ್ತೇ? "ಸಾರ್, ನಾವು ಟೀಚರ್."

ಅವರು ನಕ್ಕರು. "ಮೇಡಂ, ಕೆಂಪು ಅಂದ್ರೆ ನಿಲ್ಲು ಅಂತ ಮಕ್ಕಳಿಗೆ ಹೇಳಿಕೊಡೋರು ನೀವೇ ಅಲ್ವಾ?" ಅಂದರು. ನಮಗೆ ನಾಚಿಕೆಯಾಯಿತು. 500 ರೂಪಾಯಿ ಕಟ್ಟಿದೆವು. ರಸೀದಿ ತೆಗೆದುಕೊಂಡೆವು. ಅಲ್ಲಿಗೆ ಆ ವಿಷಯ ಮುಗಿಯಿತು.

ದೀಪದ ಮಾತು ನಿಮಗೆ ಗೊತ್ತೇ ಇದೆ. ಕೆಂಪು ಇದ್ದಾಗ ಬಿಳಿ ಗೆರೆಯ ಹಿಂದೆ ನಿಲ್ಲಬೇಕು. ಹಸಿರು ಬಂದರೆ ಹೋಗಬೇಕು. ಹಳದಿಯ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು. ಹಳದಿ ಅಂದ್ರೆ "ಬೇಗ ಓಡು" ಅಂತಲ್ಲ. ಹಳದಿ ಅಂದರೂ ನಿಲ್ಲು ಅಂತಲೇ. ಗೆರೆಯ ತೀರಾ ಹತ್ತಿರ ಬಂದಿದ್ದೀರಿ, ಈಗ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ ಅನ್ನುವಾಗ ಮಾತ್ರ ದಾಟಬಹುದು. ಎಡಕ್ಕೆ ತಿರುಗುವವರಿಗೆ ಕೆಂಪು ಲೆಕ್ಕವಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಎಡಕ್ಕೆ ಬಿಡುವ ಫಲಕ ಅಥವಾ ಹಸಿರು ಬಾಣ ಇದ್ದರೆ ಮಾತ್ರ ಹೋಗಬೇಕು. ಇನ್ನೊಂದು ಮಾತು. ದೀಪ ಕೆಂಪಿದ್ದರೂ ಪೊಲೀಸರು ಕೈ ಬೀಸಿ "ಬನ್ನಿ" ಅಂದರೆ ಹೋಗಬೇಕು. ಅಲ್ಲಿ ಅವರ ಕೈಯೇ ದೊಡ್ಡದು.

ಈಗ ಪೊಲೀಸರು ನಿಲ್ಲಿಸಿದರು ಅಂತ ಇಟ್ಟುಕೊಳ್ಳಿ. ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿ. ಓಡಿಹೋಗಬೇಡಿ. ಲೈಸೆನ್ಸ್, ಆರ್.ಸಿ., ವಿಮೆ ಕೇಳಿದರೆ ತೋರಿಸಬೇಕು. ಫೋನಿನಲ್ಲಿ ಡಿಜಿಲಾಕರ್ ಇದ್ದರೆ ಅದರಲ್ಲಿ ತೋರಿಸಿದರೂ ನಡೆಯುತ್ತದೆ. ಆಮೇಲೆ ನಿಧಾನವಾಗಿ ಕೇಳಿ: "ಸಾರ್, ಏನು ತಪ್ಪಾಗಿದೆ?" ಕೇಳುವುದು ಜಗಳ ಅಲ್ಲ.

ತಪ್ಪು ಮಾಡಿದ್ದು ನಿಜವಾದರೆ ದಂಡ ಕಟ್ಟಿ, ರಸೀದಿ ಕೇಳಿ. ರಸೀದಿಯಲ್ಲಿ ನಿಮ್ಮ ಗಾಡಿಯ ನಂಬರ್ ಇದೆಯೇ, ನೀವು ಕೊಟ್ಟಷ್ಟೇ ಹಣ ಬರೆದಿದ್ದಾರೆಯೇ, ಅಲ್ಲೇ ನಿಂತು ಓದಿ. ಕರ್ನಾಟಕದಲ್ಲಿ ಸಿಗ್ನಲ್ ದಾಟಿದ್ದಕ್ಕೆ ಸಾಮಾನ್ಯವಾಗಿ ಕಟ್ಟಿಸುವುದು 500 ರೂಪಾಯಿ. ರಸೀದಿ ಬೇಡ, ಇನ್ನೂರು ಕೊಟ್ಟು ಹೋಗಿ ಅಂದರೆ ಕೊಡಬೇಡಿ. ಆ ಇನ್ನೂರು ದಂಡ ಅಲ್ಲ. ಅದು ಲಂಚ. ಲಂಚ ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು.

ನೀವು ದಾಟಿಯೇ ಇಲ್ಲ ಅನ್ನಿ. ಆಗ? ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಸ್ಥಳದಲ್ಲೇ ದಂಡ ಕಟ್ಟುವುದು ಅಂದ್ರೆ ತಪ್ಪು ಒಪ್ಪಿಕೊಂಡು ಅಲ್ಲಿಗೇ ಮುಗಿಸುವುದು. ಒಪ್ಪಲೇಬೇಕು ಅಂತ ಕಾನೂನು ಇಲ್ಲ. "ಸಾರ್, ನಾನು ಹಸಿರಲ್ಲೇ ಬಂದೆ. ನಾನು ಒಪ್ಪುವುದಿಲ್ಲ. ನೀವು ಕೇಸು ಬರೆಯಿರಿ, ಕೋರ್ಟಿನಲ್ಲಿ ಹೇಳುತ್ತೇನೆ" ಅನ್ನಬಹುದು. ಗಂಟೆ ಎಷ್ಟು, ಯಾವ ಸರ್ಕಲ್, ಪಕ್ಕದಲ್ಲಿ ಯಾರಿದ್ದರು, ಇದನ್ನೆಲ್ಲ ಅವತ್ತೇ ಒಂದು ಚೀಟಿಯಲ್ಲಿ ಬರೆದಿಡಿ. ನಾಳೆಗೆ ಮರೆತುಹೋಗುತ್ತದೆ. ಹಾಗಂತ ತಪ್ಪು ಮಾಡಿಯೂ ಕೋರ್ಟಿಗೆ ಬರುತ್ತೇನೆ ಅಂತ ಜಂಬ ಕೊಚ್ಚಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಯನ್ನು ಬಿಗಿ ಮಾಡಿದ್ದಾರೆ. ಅಪಾಯ ಆಗುವ ಹಾಗೆ ಕೆಂಪು ದೀಪ ದಾಟಿದರೆ 184ನೇ ಕಲಂ ಹಾಕಬಹುದು. ಕಲಂ ಅಂದ್ರೆ ಸೆಕ್ಷನ್. ಅದರಲ್ಲಿ ಮೊದಲ ಸಲವೇ 1000ದಿಂದ 5000 ರೂಪಾಯಿವರೆಗೆ ದಂಡ ಇದೆ. ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲೂ ಇದೆ. ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿಯುವ ಅಧಿಕಾರ ಆರ್.ಟಿ.ಓ. ಅವರಿಗೆ ಇದೆ. ತಡೆಹಿಡಿಯುವ ಮೊದಲು ನಿಮ್ಮ ಮಾತನ್ನೂ ಅವರು ಕೇಳಬೇಕು.

ಇನ್ನು ಕ್ಯಾಮೆರಾದ ಮಾತಿಗೆ ಬರೋಣ. ಈಗ ಹೆಚ್ಚು ತೊಂದರೆ ಕೊಡುವುದು ಇದೇ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಕೂಡುರಸ್ತೆಗಳಲ್ಲಿ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಹಾಕಿದರು. ಬೇರೆ ಊರುಗಳಿಗೂ ಕ್ಯಾಮೆರಾ ಬಂದಿದೆ. ದೀಪ ಕೆಂಪಿದ್ದಾಗ ಗಾಡಿ ಗೆರೆ ದಾಟಿದರೆ ಅದು ಫೋಟೋ ತೆಗೆಯುತ್ತದೆ. ನಂಬರ್ ಪ್ಲೇಟನ್ನು ಯಂತ್ರವೇ ಓದುತ್ತದೆ. ಆ ನಂಬರಿನ ಮಾಲೀಕರ ಫೋನಿಗೆ ಸಂದೇಶ ಹೋಗುತ್ತದೆ, ಇಲ್ಲವೇ ಮನೆಗೆ ಕಾಗದ ಬರುತ್ತದೆ. ಯಂತ್ರಕ್ಕೆ ಪಕ್ಷಪಾತ ಇಲ್ಲ, ನಿಜ. ಆದರೆ ನಾವು ಅಕ್ಷರ ಕಲಿಯುವಾಗ ತಪ್ಪು ಓದುವ ಹಾಗೆ ಯಂತ್ರವೂ ತಪ್ಪು ಓದುತ್ತದೆ. ಪ್ಲೇಟಿನ ಮೇಲೆ ಕೆಸರಿದ್ದರೆ, ಬಣ್ಣ ಹೋಗಿದ್ದರೆ ಕೇಳುವುದೇ ಬೇಡ.

ನಮ್ಮ ಕೇಂದ್ರದ ಒಬ್ಬ ತಂಗಿಯ ಕತೆ ಹೇಳುತ್ತೇವೆ. "ನನ್ನ ಹೆಸರು ಹೇಳಬೇಡಿ ಟೀಚರ್" ಅಂದಿದ್ದಾಳೆ. ಅದಕ್ಕೆ ಹೇಳುವುದಿಲ್ಲ. ಈಗ ಯಾರೂ ಹಿಂತಿರುಗಿ ನೋಡಬೇಡಿ.

ಅವಳು ಆಟೋ ಓಡಿಸುತ್ತಾಳೆ. ಮೊದಲು ಬಾಡಿಗೆ ಗಾಡಿ ಓಡಿಸಲು ಲೈಸೆನ್ಸ್ ಬೇಕಾದರೆ ಎಂಟನೇ ತರಗತಿ ಓದಿರಬೇಕಿತ್ತು. 2019ರಲ್ಲಿ ಆ ನಿಯಮ ತೆಗೆದರು. ಆಮೇಲೆಯೇ ಅವಳಿಗೆ ಲೈಸೆನ್ಸ್ ಆಯಿತು. ಬೆಳಿಗ್ಗೆ ಹನ್ನೊಂದು ಮಕ್ಕಳನ್ನು ಎರಡು ಸರತಿಯಲ್ಲಿ ಶಾಲೆಗೆ ಬಿಡುತ್ತಾಳೆ. ಮನೆಯ ಬಾಡಿಗೆ, ಅತ್ತೆಯ ಔಷಧಿ ಎಲ್ಲ ಆ ದುಡ್ಡಿನಲ್ಲೇ ಆಗಬೇಕು.

ಒಂದು ದಿನ ಅವಳ ಫೋನಿಗೆ ಸಂದೇಶ ಬಂತು. ಜಿಲ್ಲಾ ಕೇಂದ್ರದ ಒಂದು ಸರ್ಕಲ್‌ನಲ್ಲಿ, ಸೋಮವಾರ ಬೆಳಿಗ್ಗೆ 8 ಗಂಟೆ 50 ನಿಮಿಷಕ್ಕೆ, ಕೆಂಪು ದೀಪ ದಾಟಿದ್ದೀರಿ ಅಂತ. ಸೋಮವಾರ ಆ ಹೊತ್ತಿಗೆ ಅವಳು ನಮ್ಮ ಶಾಲೆಯ ಗೇಟಿನ ಮುಂದೆಯೇ ಮಕ್ಕಳನ್ನು ಇಳಿಸುತ್ತಿದ್ದಳು. ನಾವೇ ನೋಡಿದ್ದೇವೆ.

ಗಂಡ ಹೇಳಿದ, "500 ತಾನೇ? ಕಟ್ಟಿ ಸುಮ್ನಿರು. ಪೊಲೀಸರ ಸಹವಾಸ ಯಾಕೆ?" ಬೇರೆ ಕೆಲಸಕ್ಕೆ ಕೋರ್ಟಿನ ಕಡೆ ಹೋದಾಗ, ಗೇಟಿನ ಹತ್ತಿರ ಮರದ ಕೆಳಗೆ ಕೂತಿದ್ದ ಒಬ್ಬ ಹೇಳಿದ, "ಎರಡು ಸಾವಿರ ಕೊಡಮ್ಮ, ಎಲ್ಲ ನಾನು ನೋಡ್ಕೋತೀನಿ." ಮೂರು ರಾತ್ರಿ ಅವಳಿಗೆ ನಿದ್ದೆ ಇಲ್ಲ. ಅವಳಿಗೆ ಐನೂರರ ಚಿಂತೆ ಇರಲಿಲ್ಲ. "ನಾಳೆ ಲೈಸೆನ್ಸ್ ತಡೆದರೆ ಮಕ್ಕಳನ್ನು ಯಾರು ಕಳಿಸ್ತಾರೆ ಟೀಚರ್?" ಅಂತ ನಮ್ಮ ಮುಂದೆ ಅತ್ತಳು.

ನಾವು ಹೇಳಿದೆವು, "ಅಳಬೇಡ. ಮೊದಲು ಓದೋಣ."

2021ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿದೆ. ಕ್ಯಾಮೆರಾದಿಂದ ದಂಡ ಹಾಕುವುದಾದರೆ ತಪ್ಪು ಕಾಣುವ, ನಂಬರ್ ಪ್ಲೇಟು ಕಾಣುವ ಫೋಟೋ ಇರಬೇಕು. ದಿನ, ಹೊತ್ತು, ಜಾಗ ಬರೆದಿರಬೇಕು. ಯಾವ ಕಲಂ ಅಂತಲೂ ಇರಬೇಕು. ಕ್ಯಾಮೆರಾ ಇಟ್ಟ ಕಡೆ "ಇಲ್ಲಿ ಕ್ಯಾಮೆರಾ ಇದೆ" ಅನ್ನುವ ಫಲಕವೂ ಇರಬೇಕು. ಅದಕ್ಕೇ ನಾವು ಮೊದಲು ಫೋಟೋ ಹುಡುಕಿದೆವು. ಸರ್ಕಾರದ ಇ-ಚಲನ್ ತಾಣದಲ್ಲಿ ಗಾಡಿಯ ನಂಬರ್ ಹಾಕಿದರೆ ಅದು ಸಿಗುತ್ತದೆ. ಫೋನಿನಲ್ಲಿ ಮಾಡಲು ಬಾರದಿದ್ದರೆ ಟ್ರಾಫಿಕ್ ಠಾಣೆಯಲ್ಲಿ ಕೇಳಬಹುದು.

ಫೋಟೋದಲ್ಲಿ ಒಂದು ಆಟೋ ಇತ್ತು. ಮೇಲೆ ಕೆಂಪು ದೀಪವೂ ಕಾಣುತ್ತಿತ್ತು. ನಂಬರು ಮಸುಕು. ನಮಗೆ ಅದು ಅವಳ ನಂಬರಿನ ಹಾಗೆಯೇ ಕಂಡಿತು. ಸುಳ್ಳು ಯಾಕೆ ಹೇಳಬೇಕು, ಇವಳೇ ಏನಾದರೂ ಮರೆತಿದ್ದಾಳೋ ಅಂತ ಒಂದು ಗಳಿಗೆ ಅನುಮಾನವೂ ಬಂತು. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಂಕಿ ಓದಿದಳು. ಕೇಂದ್ರದಲ್ಲಿ ನಾವು ಮೊದಲು ಕಲಿಸಿದ್ದು ೧, ೨, ೩. ಪ್ಲೇಟಿನ ಮೇಲೆ ಇರುವುದು 1, 2, 3. ಇವಳು ಹಟ ಹಿಡಿದು ಅದನ್ನೂ ಕಲಿತಿದ್ದಳು. "ಟೀಚರ್, ಕೊನೇದು 8 ಅಲ್ಲ. 3. ಎಡಗಡೆ ಬಾಯಿ ತೆರೆದಿದೆ ನೋಡಿ" ಅಂದಳು. ದೊಡ್ಡದು ಮಾಡಿ ನೋಡಿದೆವು. ಹೌದು, 3. ಅವಳ ಆಟೋದ ಕೊನೆಯ ಅಂಕಿ 8. ಅವಳ ಆಟೋದ ಹಿಂದಿನ ಪರದೆಯಲ್ಲಿ ಮಗಳು ಬಿಡಿಸಿದ ಒಂದು ಗಿಳಿ ಇದೆ. ಫೋಟೋದ ಆಟೋದಲ್ಲಿ ಗಿಳಿ ಇಲ್ಲ.

ಮರುದಿನ ಅವಳೇ ಅರ್ಜಿ ಬರೆದಳು. ನಾವು ಕಾಗುಣಿತ ಮಾತ್ರ ತಿದ್ದಿದೆವು. ಎರಡು ಪ್ರತಿ ಮಾಡಿಸಿದೆವು. ಜೊತೆಗೆ ಆರ್.ಸಿ.ಯ ನಕಲು, ಆಟೋದ ಹಿಂದಿನ ಫೋಟೋ ಇಟ್ಟೆವು. ಸೋಮವಾರ ಆ ಹೊತ್ತಿಗೆ ಆಟೋ ಶಾಲೆಯ ಮುಂದೆ ಇತ್ತು ಅಂತ ನಾವೂ ಒಂದು ಚೀಟಿ ಬರೆದು ಸಹಿ ಮಾಡಿದೆವು. ಬಸ್ಸಿನಲ್ಲಿ ಹೋದೆವು.

ಠಾಣೆಯಲ್ಲಿ ಕೂತವರು ತಲೆ ಎತ್ತಲಿಲ್ಲ. "ಕಂಪ್ಯೂಟರಲ್ಲಿ ಬಂದಿದೆ. ಕಟ್ಟಿ ಹೋಗಿ" ಅಂದರು. ನಮಗೆ ಮಾತು ಬರಲಿಲ್ಲ. ಅವಳು ಹೇಳಿದಳು, "ಸಾರ್, ಕಟ್ಟೋದಕ್ಕೆ ಬಂದಿಲ್ಲ. ಫೋಟೋ ದೊಡ್ಡದು ಮಾಡಿ, ಕೊನೇ ಅಂಕಿ ಒಂದ್ಸಲ ನೀವೇ ಓದಿ ಸಾರ್." ಎರಡು ಸಲ ಹೇಳಿದಳು. ಧ್ವನಿ ಏರಿಸಲಿಲ್ಲ. ಅವರು ದೊಡ್ಡದು ಮಾಡಿ ನೋಡಿದರು. ಪಕ್ಕದವರನ್ನು ಕರೆದರು. ಇಬ್ಬರೂ ನೋಡಿದರು. "ಕೂತ್ಕೊಳ್ಳಿ" ಅಂದರು. ಮಧ್ಯಾಹ್ನ ಮೂರು ಗಂಟೆಯವರೆಗೆ ಕೂತೆವು. ಕೊನೆಗೆ ಅರ್ಜಿ ತೆಗೆದುಕೊಂಡರು. ನಮ್ಮ ಪ್ರತಿಯ ಮೇಲೆ ಮೊಹರು ಹಾಕಿ, ತಾರೀಖು ಬರೆದು ಕೊಟ್ಟರು. ಮೊಹರು ಇಲ್ಲದೆ ಎದ್ದು ಬರಬೇಡಿ. ಅದೇ ನಿಮ್ಮ ಕೈಯಲ್ಲಿರುವ ಸಾಕ್ಷಿ.

ಎರಡು ವಾರದ ಮೇಲೆ ನೋಡಿದಾಗ ಅವಳ ಹೆಸರಿನಲ್ಲಿದ್ದ ದಂಡ ಹೋಗಿತ್ತು. ಲೆಕ್ಕ ಹಾಕಿದರೆ ಅವಳಿಗೆ ನಷ್ಟವೇ ಆಯಿತು. ಒಂದು ದಿನದ ದುಡಿಮೆ ಹೋಯಿತು, ಊಟ, ನಕಲು ಪ್ರತಿ ಎಲ್ಲ ಸೇರಿ ದಂಡಕ್ಕಿಂತ ಹೆಚ್ಚು ಖರ್ಚು. ನಾವು ಅದನ್ನೇ ಹೇಳಿದೆವು. "ಇರಲಿ ಟೀಚರ್. ಮಾಡದ ತಪ್ಪಿಗೆ ನನ್ನ ಹೆಸರು ಯಾಕೆ ಅಲ್ಲಿರಬೇಕು?" ಅಂದಳು.

ಎಲ್ಲರಿಗೂ ಹೀಗೆ ಬೇಗ ಮುಗಿಯುವುದಿಲ್ಲ. ಠಾಣೆಯವರು ಒಪ್ಪದಿದ್ದರೆ ವಿಷಯ ಕೋರ್ಟಿಗೆ ಹೋಗುತ್ತದೆ. ಕೋರ್ಟಿನಿಂದ ಸಮನ್ಸ್ ಬಂದರೆ ಅದನ್ನು ಪಾತ್ರೆಯ ಕೆಳಗೆ ಬಚ್ಚಿಡಬೇಡಿ. ಹೋಗದಿದ್ದರೆ ವಾರಂಟ್ ಬರಬಹುದು. ನ್ಯಾಯಾಧೀಶರು ತಪ್ಪು ಒಪ್ಪುತ್ತೀರಾ ಅಂತ ಕೇಳುತ್ತಾರೆ. ಒಪ್ಪದಿದ್ದರೆ "ಇಲ್ಲ ಸ್ವಾಮಿ, ನಾನು ತಪ್ಪು ಮಾಡಿಲ್ಲ" ಅನ್ನಿ. ಆಗ ತಪ್ಪು ನಡೆದಿದೆ ಅಂತ ತೋರಿಸಬೇಕಾದವರು ಪೊಲೀಸರು.

ವಕೀಲರಿಗೆ ದುಡ್ಡು ಎಲ್ಲಿಂದ ತರೋಣ ಅನ್ನುತ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅಂತ ಒಂದು ಇದೆ. ಅದರಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು ಅಂತ ಇದೆ. ನಿಮ್ಮ ಆದಾಯ ಎಷ್ಟಾದರೂ ಸರಿ, ಹೆಂಗಸು ಅಂದರೆ ಸಾಕು. ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಆ ಬೋರ್ಡು ಓದಿಕೊಂಡು ನೇರವಾಗಿ ಒಳಗೆ ಹೋಗಿ. ಮರದ ಕೆಳಗಿನವರನ್ನು ಕೇಳಬೇಡಿ. ಫೋನ್ ಮಾಡುವುದಾದರೆ ನಂಬರ್ 15100. ಈ ನಂಬರನ್ನು ಗೋಡೆಯ ಮೇಲೆ ಬರೆದಿದ್ದೇವೆ, ಬರೆದುಕೊಳ್ಳಿ. ಲೋಕ ಅದಾಲತ್‌ನಲ್ಲೂ ಇಂಥ ಸಣ್ಣ ಕೇಸುಗಳನ್ನು ಮುಗಿಸುತ್ತಾರೆ.

ಕೆಲವರು ಮಾಡಿದ ತಪ್ಪಿನ ದಂಡವನ್ನೂ ಕಟ್ಟದೆ ಕೂರುತ್ತಾರೆ. ಸರ್ಕಾರ ಅರ್ಧ ಬಿಡುತ್ತದೆ ಅಂತ ಆಸೆ. 2023ರ ಫೆಬ್ರವರಿಯಲ್ಲಿ ಬಿಟ್ಟಿತ್ತು. 2025ರ ಆಗಸ್ಟ್‌, ಸೆಪ್ಟೆಂಬರಿನಲ್ಲೂ ಬಿಟ್ಟಿತ್ತು. ಮತ್ತೆ ಬಿಡುತ್ತದೆ ಅಂತ ಯಾರು ಹೇಳಿದರು? ನೋಟಿಸಿನಲ್ಲಿ ಗಡುವು ಬರೆದಿರುತ್ತದೆ. ಅದನ್ನು ಓದಿ, ಅಷ್ಟರೊಳಗೆ ಕಟ್ಟಿ, ಇಲ್ಲವೇ ಒಪ್ಪುವುದಿಲ್ಲ ಅಂತ ಬರೆದುಕೊಡಿ. ಸುಮ್ಮನೆ ಮಾತ್ರ ಕೂರಬೇಡಿ.

ಇನ್ನೆರಡು ಮಾತು ಬೇಗ ಹೇಳುತ್ತೇವೆ, ಕತ್ತಲಾಗುತ್ತಿದೆ. ಗಾಡಿ ಮಾರಿದರೆ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಕೊಂಡವರ ಹೆಸರಿಗೆ ಆರ್.ಸಿ. ಬದಲಾಗದಿದ್ದರೆ ಅವರು ದಾಟಿದ ಕೆಂಪು ದೀಪದ ನೋಟಿಸು ನಿಮ್ಮ ಮನೆಗೆ ಬರುತ್ತದೆ. ನಿಮ್ಮ ಗಾಡಿಯನ್ನು ಬೇರೆಯವರು ಓಡಿಸಿದ್ದರೆ, ಯಾರು ಓಡಿಸಿದರು ಅಂತ ಪೊಲೀಸರು ಕೇಳಿದಾಗ ಮಾಲೀಕರು ಹೇಳಲೇಬೇಕು. ಓಡಿಸಿದವನು 18 ತುಂಬದ ಮಗನಾದರೆ ಅದು ಸಿಗ್ನಲ್ಲಿನ ಮಾತಾಗಿ ಉಳಿಯುವುದಿಲ್ಲ. ತಂದೆ ತಾಯಿಗೆ, ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಅಂತ ಕಾಯ್ದೆಯಲ್ಲಿದೆ. ಹಾಲು ಹಾಕಿ ಬಾ ಅಂತ ಮಗನ ಕೈಗೆ ಕೀಲಿ ಕೊಡುವ ತಾಯಂದಿರು ಇಲ್ಲಿ ಇದ್ದೀರಿ, ನಮಗೆ ಗೊತ್ತು.

ಇನ್ನೊಂದು ಮೋಸ ಇದೆ. ವಾಟ್ಸಾಪಿನಲ್ಲಿ "ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಇದನ್ನು ಒತ್ತಿ" ಅಂತ ಬರುತ್ತದೆ. ಕೊನೆಯಲ್ಲಿ ಎ.ಪಿ.ಕೆ. ಅಂತ ಇಂಗ್ಲಿಷಿನ ಮೂರು ಅಕ್ಷರ ಇರುತ್ತದೆ. ಒತ್ತಿದರೆ ಫೋನಿನೊಳಗೆ ಕಳ್ಳ ನುಗ್ಗಿದ ಹಾಗೆ. ಬ್ಯಾಂಕಿನ ಹಣ ಖಾಲಿ. ಒತ್ತಬೇಡಿ. ದಂಡ ಇದೆಯೋ ಇಲ್ಲವೋ ಅಂತ ಠಾಣೆಯಲ್ಲಿ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಕೇಳಿ. ಹಣ ಹೋಗಿಯೇ ಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಸರಿ, ಈಗ ನೋಟ್‌ಬುಕ್ ತೆಗೆಯಿರಿ. ಆ ತಂಗಿ ಬರೆದ ಅರ್ಜಿಯನ್ನೇ ಬೋರ್ಡಿನ ಮೇಲೆ ಬರೆಯುತ್ತೇವೆ. ಚುಕ್ಕಿ ಇದ್ದಲ್ಲಿ ನಿಮ್ಮ ನಿಮ್ಮ ಹೆಸರು, ನಿಮ್ಮ ಗಾಡಿಯ ನಂಬರ್ ಹಾಕಿ. ನಂಬರ್ ನೆನಪಿಲ್ಲದವರು ಹೊರಗೆ ಹೋಗಿ ನೋಡಿಕೊಂಡು ಬನ್ನಿ.

ಇವರಿಗೆ,
ಪೊಲೀಸ್ ಇನ್ಸ್‌ಪೆಕ್ಟರ್ ಅವರು,
ಸಂಚಾರ ಪೊಲೀಸ್ ಠಾಣೆ, ..............

ಮಾನ್ಯರೇ,

ವಿಷಯ: ಕೆಂಪು ದೀಪ ದಾಟಿದ ನೋಟಿಸಿನ ಬಗ್ಗೆ.

ನನ್ನ ಹೆಸರು .............. ನನ್ನ ಗಾಡಿಯ ನಂಬರ್ .............. ನನಗೆ ತಾರೀಖು .............. ರಂದು ನೋಟಿಸು ಬಂದಿದೆ. ನೋಟಿಸಿನ ನಂಬರ್ .............. ಫೋಟೋದಲ್ಲಿ ಇರುವ ಗಾಡಿ ನನ್ನದಲ್ಲ. ಅದರ ಕೊನೆಯ ಅಂಕಿ ಬೇರೆ ಇದೆ. ಆ ದಿನ ಆ ಹೊತ್ತಿಗೆ ನನ್ನ ಗಾಡಿ .............. ನಲ್ಲಿ ಇತ್ತು. ಈ ತಪ್ಪನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಫೋಟೋವನ್ನು ಮತ್ತೆ ನೋಡಿ, ದಂಡವನ್ನು ರದ್ದು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಆರ್.ಸಿ.ಯ ನಕಲು ಇಟ್ಟಿದ್ದೇನೆ.

ಊರು: ..............
ತಾರೀಖು: ..............

ಇಂತಿ,
(ಸಹಿ) ..............